ಕರಡಿಗೆ ಬಿಟ್ಟ ಜಾಗ

ಬೆಳಗಾವಿ
೮ ಆಗಸ್ಟ್ ೧೯೦೯

ಯಮನೂರಣ್ಣನಿಗೆ ಜಾಫರನ ಸಲಾಮು.

ಈ ಪತ್ರವನ್ನು ಲಕ್ಷ್ಮಪ್ಪ ಮಾಸ್ತರರು ನಿನಗೆ ಓದಿ ಹೇಳುತ್ತಾರೆ. ಗುಡೂರ ಸಾಲೆಗೆ ನಾನು ಮೂರು ವರ್ಷ ಹೋದೆ. ನೀನು ಬಾಗಿಲ ತನಕ ಬಂದು ದನದ ಹಿಂದೆ ಓಡಿಹೋದೆ. ಅದಕ್ಕೇ ಇವತ್ತು ನಮ್ಮಿಬ್ಬರ ನಡುವೆ ಮಾಸ್ತರರು ಕೂಡಬೇಕಾಗಿದೆ. ಇರಲಿ, ಅವರು ಒಳ್ಳೆಯವರು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳುವವರಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಾನು ಮಾಡಿದ್ದು ಏನು ಎಂದು ಮೂರನೆಯವರ ಎದುರು ಹೇಳದೆ ಕ್ಷಮೆ ಕೇಳಿದರೆ ಅದು ಕ್ಷಮೆ ಕೇಳಿದಂತಾಗುವುದಿಲ್ಲ. ಮಾಸ್ತರರೇ, ನೀವೂ ಕೇಳಿರಿ.

ಹೋದ ತಿಂಗಳು ಹಾಡುವ ಪೆಟ್ಟಿಗೆಯ ಕಂಪನಿಯವರು ನಮ್ಮ ಕರಡಿ ಮಜಲಿನ ಮೇಳವನ್ನು ಬೆಳಗಾವಿಗೆ ಕರೆಸಿದರು. ಹೊಟ್ಟೆಗೆ ಕಟ್ಟಿಕೊಂಡು ಕರಡಿ ವಾದ್ಯ ಬಾರಿಸಲು ಯಮನೂರಣ್ಣ, ಸನಾದಿ ಊದಲು ನಾನು, ಶ್ರುತಿ ಹಿಡಿಯಲು ಚಾಂದಸಾಬ, ತಾಳಕ್ಕೆ ಹುಚ್ಚೇಶ, ನಾಲ್ವರೂ ಹೋದೆವು. ಶಿರೂರಿನಲ್ಲಿ ಎತ್ತು ಬಿಚ್ಚಿ ಬುತ್ತಿ ಉಂಡೆವು, ಬಾಗಲಕೋಟೆಯಲ್ಲಿ ರೈಲು ಹತ್ತಿದೆವು. ದಾರಿಯುದ್ದಕ್ಕೂ ಯಮನೂರಣ್ಣ ಕರಡಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಒಬ್ಬ ಹೆಣ್ಣುಮಗಳು ಅದನ್ನು ನೋಡಿ "ಎಣ್ಣಿ ಗಾಣದ ಸಾಮಾನೇನ್ರಿ?" ಎಂದು ಕೇಳಿದಾಗ ನಾನು ಬಿದ್ದುಬಿದ್ದು ನಕ್ಕಿದ್ದೆ.

ಅಲ್ಲಿ ಒಂದು ಬಂಗಲೆಯ ಕೋಣೆಯಲ್ಲಿ ಗೋಡೆಯಿಂದ ತಗಡಿನ ದೊಡ್ಡ ಬಾಯಿ ಹೊರಗೆ ಚಾಚಿತ್ತು. ಅದರೊಳಗೆ ಊದಿದರೆ ಆಚೆ ಕಡೆ ಮೇಣದ ಬಿಲ್ಲೆಯ ಮೇಲೆ ಸೂಜಿ ಗೀಚುತ್ತದಂತೆ, ಅದರಿಂದ ಪೆಟ್ಟಿಗೆಗೆ ಹಚ್ಚಿ ಕೇಳುವ ಪ್ಲೇಟು ಮಾಡುತ್ತಾರಂತೆ. ಯಮನೂರಣ್ಣ ಕರಡಿಗೆ ಒಂದು ಪೆಟ್ಟು ಕೊಟ್ಟಿದ್ದೇ ತಡ, ಸಾಹೇಬ ಎರಡೂ ಕೈ ಆಡಿಸುತ್ತ ಒಳಗಿನಿಂದ ಓಡಿಬಂದ. ಈ ನಗಾರಿ ಬಾರಿಸಿದರೆ ಸೂಜಿ ಕುಣಿದು ಮೇಣ ಕೆಡುತ್ತದೆ, ಸನಾದಿಯೊಂದೇ ಸಾಕು ಎಂದು ಕಂಪನಿಯ ಕನ್ನಡ ಬಲ್ಲ ಏಜಂಟನ ಬಾಯಲ್ಲಿ ಹೇಳಿಸಿದ. ಕರಡಿಗೆ ನಗಾರಿ ಎಂದ. ಆಗಲೇ ನಾನು ಸನಾದಿಯನ್ನು ಚೀಲಕ್ಕೆ ಹಾಕಿ ಏಳಬೇಕಿತ್ತು. ಏಳಲಿಲ್ಲ. ಸಾಹೇಬ ಹೇಳಿದ್ದರೆ ಅದು ಸಾಹೇಬನ ಮಾತು. ನಾನೇ ಹೇಳಿದೆ, "ಅಣ್ಣಾ, ನೀ ಸ್ವಲ್ಪ ಹೊರಗ ಕುಂದ್ರು, ಇಷ್ಟು ಮುಗಿಸಿ ಬರ್ತೇನಿ" ಎಂದು.

ನಮ್ಮಲ್ಲಿ ಮೊದಲ ಪೆಟ್ಟು ಕರಡಿಯದು. ಕರಡಿಯವನ ಕೈ ಬೀಳದೆ ಸನಾದಿ ಬಾಯಿಗೆ ಹೋಗಬಾರದು. ನನ್ನ ಅಪ್ಪ ಸಾಯುವ ತನಕ ಹಾಗೇ ನಡೆದ, ನಿನ್ನ ಅಪ್ಪನೂ ಹಾಗೇ. ಪ್ಲೇಟಿನ ಮೇಲೆ ಹೆಸರು ಬರುತ್ತದೆ ಎಂಬ ಆಸೆಗೆ ಮೊದಲ ಪೆಟ್ಟಿಲ್ಲದೆ ನಾನು ಊದಿದೆ. ಹೊರಗೆ ಬಂದು ನೋಡಿದರೆ ನೀನಿರಲಿಲ್ಲ.

ನೀನು ಕರಡಿಯನ್ನು ಗೂಟಕ್ಕೆ ಹಾಕಿದ್ದೀ, ಯಾರು ಕರೆದರೂ ಮುಟ್ಟುವುದಿಲ್ಲ ಎಂದು ಚಾಂದಸಾಬ ಹೇಳಿಕಳಿಸಿದ್ದಾನೆ. ಜನವರಿಯಲ್ಲಿ ಮೊಹರಂ ಬರುತ್ತದೆ. ಕರಡಿಯಿಲ್ಲದೆ ಗುಡೂರಿನ ಅಲಾಯಿ ದೇವರನ್ನು ಹೊಳೆಗೆ ಕಳಿಸಿದ್ದು ನಮ್ಮ ಅಜ್ಜಂದಿರ ಕಾಲದಿಂದಲೂ ಇಲ್ಲ. ನೀನು ಬಾ ಎಂದರೆ ಬರುತ್ತೇನೆ. ಅನ್ನದಿದ್ದರೆ ನನಗೆ ಊರಿಗೆ ಬರುವ ಮುಖವಿಲ್ಲ.

ನನ್ನ ಮನೆಯಾಕೆ ಖೈರುನಬಿಗೆ ನಾನು ಚೆನ್ನಾಗಿದ್ದೇನೆಂದು ಹೇಳು. ಪ್ಲೇಟು ಇಷ್ಟರಲ್ಲೇ ಬರುತ್ತದೆ.

ನಿನ್ನ
ಜಾಫರಸಾಬ


ಗುಡೂರು
೧೨ ಸೆಪ್ಟೆಂಬರ್ ೧೯೦೯

ಜಾಫರಸಾಬರಿಗೆ ಲಕ್ಷ್ಮಪ್ಪ ಮಾಸ್ತರನ ವಂದನೆಗಳು.

ನಿಮ್ಮ ಪತ್ರ ಸೇರಿ ತಿಂಗಳಾಯಿತು. ಉತ್ತರಕ್ಕೆ ತಡವಾದದ್ದು ನನ್ನಿಂದಲ್ಲ. ಯಮನೂರಪ್ಪ ಏನಾದರೂ ಹೇಳಿಯಾನು ಎಂದು ಕಾದೆ.

ಪತ್ರವನ್ನು ಅವರ ಮನೆಯ ಕಟ್ಟೆಯ ಮೇಲೆ ಕೂತು ಓದಿದೆ. ಆತ ಕೂಡಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಕೇಳಿದ. "ಗಾಣದ ಸಾಮಾನು" ಎಂಬಲ್ಲಿ ಅವನ ಹೆಂಡತಿ ಶಿವಲಿಂಗವ್ವ ನಕ್ಕಳು, ಆತ ನಗಲಿಲ್ಲ. "ಹೊರಗ ಕುಂದ್ರು" ಎಂದು ನಾನು ಓದಿದಾಗ ಕಣ್ಣು ಮುಚ್ಚಿಕೊಂಡ. ಮುಗಿದ ಮೇಲೆ "ಇನ್ನೊಮ್ಮಿ ಓದ್ರಿ" ಎಂದ. ಓದಿದೆ. ಆಮೇಲೆ ಎತ್ತಿಗೆ ನೀರು ಕುಡಿಸಲು ಹೋದವನು ನಾನು ಎದ್ದು ಬರುವ ತನಕ ತಿರುಗಿ ಬರಲಿಲ್ಲ.

ಕರಡಿ ಗೂಟದ ಮೇಲಿದೆ. ಅದರ ಮೇಲೆ ಹಳೆಯ ಧೋತರ ಹೊದಿಸಿದ್ದಾನೆ. ಹದಿನೈದು ದಿನಕ್ಕೊಮ್ಮೆ ಇಳಿಸಿ ಚರ್ಮಕ್ಕೆ ಎಣ್ಣೆ ಸವರುತ್ತಾನೆ, ಒರೆಸುತ್ತಾನೆ, ಮತ್ತೆ ಮೇಲಿಡುತ್ತಾನೆ. ಬೆರಳಿನಿಂದ ಒಂದು ಸಲವೂ ತಟ್ಟಿ ನೋಡುವುದಿಲ್ಲ ಎಂದು ಶಿವಲಿಂಗವ್ವ ಹೇಳಿದಳು. "ಮಾತಾಡಸ್ರಿ ಮಾಸ್ತರ, ಈ ಮನಷ್ಯಾ ಮನ್ಯಾಗ ಇದ್ದೂ ಇಲ್ಲದಂಗ ಆಗ್ಯಾನ" ಎಂದಳು. ಹಾಗೆಂದು ನಿಮ್ಮ ಮೇಲೆ ಒಂದು ಕೆಟ್ಟ ಮಾತನ್ನೂ ಆತ ಆಡಿದ್ದನ್ನು ನಾನು ಕೇಳಿಲ್ಲ. ಹೋದ ವಾರ ಖೈರುನಬಿಯ ಮನೆಗೆ ಜೋಳದ ಚೀಲ ಇಳಿಸಿ ಬಂದ. ಆಕೆ ನಿಮ್ಮ ಸುದ್ದಿ ತೆಗೆದರೆ ಮಾತ್ರ ಎತ್ತಿನ ನೆವ ಹೇಳಿ ಎದ್ದುಬಿಡುತ್ತಾನೆ.

ಇಳಕಲ್ಲಿನ ಪೇಟೆಯಲ್ಲಿ ಸೀರೆ ವ್ಯಾಪಾರಿಯೊಬ್ಬರು ಹಾಡುವ ಪೆಟ್ಟಿಗೆ ತರಿಸಿದ್ದಾರೆ. ಹುಚ್ಚೇಶ ಪ್ರತಿ ಸಂತೆಗೂ ಅಲ್ಲಿಗೆ ಹೋಗಿ ನಿಮ್ಮ ಪ್ಲೇಟು ಬಂತೇ ಎಂದು ಕೇಳಿ ಬರುತ್ತಾನೆ. ಇನ್ನೂ ಬಂದಿಲ್ಲ.

ನನ್ನದೊಂದು ಮಾತು. ನೀವು ಮತ್ತೆ ಬರೆಯಿರಿ. ಕಿವಿ ಮುಚ್ಚಿಕೊಂಡವನು ಇನ್ನೊಮ್ಮೆ ಓದಿ ಎನ್ನುವುದಿಲ್ಲ.

ತಮ್ಮ ಹಿತ ಬಯಸುವ
ಲಕ್ಷ್ಮಪ್ಪ ಮಾಸ್ತರ


ಬೆಳಗಾವಿ
೨೦ ಅಕ್ಟೋಬರ್ ೧೯೦೯

ಯಮನೂರಣ್ಣಾ,

ನೀನು ಬಾಯಿ ಬಿಡಬೇಡ. ನಾನು ಬರೆಯುತ್ತಲೇ ಇರುತ್ತೇನೆ, ಮಾಸ್ತರರ ಗಂಟಲು ಹರಿಯಲಿ.

ನಾನಿಲ್ಲಿ ಒಂದು ನಾಟಕ ಕಂಪನಿಯಲ್ಲಿದ್ದೇನೆ. ಪರದೆ ಏಳುವ ಮೊದಲು ಜನ ಬಂದು ಕೂಡುವಾಗ ಊದಬೇಕು, ಅಷ್ಟೇ ನನ್ನ ಕೆಲಸ. ಪರದೆ ಎದ್ದಮೇಲೆ ಹಾರ್ಮೋನಿಯಂ ಬಾರಿಸುವವನ ರಾಜ್ಯ. ಅವನು ನನ್ನನ್ನು "ಏ ಪಿಪಾಣಿ" ಎಂದು, ಸನಾದಿ ಮಕ್ಕಳ ಪೀಪಿಯೆಂಬಂತೆ, ಕರೆಯುತ್ತಾನೆ. ಮೊದಲನೇ ದಿನ ಸಿಟ್ಟು ಬಂತು. ಕರಡಿಗೆ ನಗಾರಿ ಎಂದಾಗ ಸುಮ್ಮನಿದ್ದವನು ನಾನಲ್ಲವೇ, ಈಗ ಪಿಪಾಣಿ ಎನ್ನಿಸಿಕೊಳ್ಳಬೇಕಾದ್ದೇ ಎಂದು ಆಮೇಲೆ ಸುಮ್ಮನಾದೆ.

ಇಲ್ಲಿ ತಬಲಾದವನೊಬ್ಬ ನನ್ನ ಜೊತೆ ನುಡಿಸುತ್ತಾನೆ. ಒಳ್ಳೆಯ ಕೈ, ಲೆಕ್ಕ ತಪ್ಪುವುದಿಲ್ಲ. ಆದರೆ ಅವನು ನನ್ನ ಹಿಂದೆ ಬರುತ್ತಾನಣ್ಣ, ನಾನು ಎತ್ತ ಹೋದರೆ ಅತ್ತ. ನೀನು ಹಾಗಲ್ಲ. ಗುರ್ ಎಂದು ಉಜ್ಜಿ ನನ್ನನ್ನು ಅಡ್ಡಗಟ್ಟುತ್ತಿದ್ದೆ, ಮುಂದೆ ಹೋಗಲು ಬಿಡುತ್ತಿರಲಿಲ್ಲ, ನಿನ್ನನ್ನು ದಾಟಲು ನಾನು ಹೊಸ ದಾರಿ ಹುಡುಕಬೇಕಾಗುತ್ತಿತ್ತು. ಮೂವತ್ತು ವರ್ಷ ಅದನ್ನೇ ಜಗಳ ಎಂದುಕೊಂಡಿದ್ದೆ. ಅಡ್ಡ ಬರುವವರು ಇಲ್ಲದಾಗ ದಾರಿಯೂ ಕಾಣುವುದಿಲ್ಲ ಎಂದು ಈಗ ತಿಳಿಯಿತು.

ನಾನು ನಿನ್ನ ಮರ್ಯಾದೆ ಕಳೆದೆ, ನಾಲ್ಕು ಮಂದಿಯ ಮುಂದೆ ಹೊರಗೆ ಹಾಕಿದೆ. ಊರಲ್ಲಿ ಹತ್ತು ಮಂದಿಯ ಮುಂದೆ ನಿನ್ನ ಕಾಲು ಹಿಡಿಯೆಂದರೆ ಹಿಡಿಯುತ್ತೇನೆ. ಇನ್ನೇನು ಮಾಡಲಿ ಹೇಳು. ಮಾತಾಡದೆ ಇರುವುದು ಹೊಡೆತಕ್ಕಿಂತ ಕೆಟ್ಟದ್ದು. ನೀನು ಹೊಡೆಯುವವನೇ ಹೊರತು ಸುಮ್ಮನಿರುವವನಲ್ಲ. ನಾನು ಬಲ್ಲ ಯಮನೂರಣ್ಣ ಇವನಲ್ಲ.

ಖೈರುನಬಿಗೆ ಜೋಳ ಕೊಟ್ಟೆಯಂತೆ. ಅದಕ್ಕೆ ನಿನಗೆ ಉಪಕಾರ ಹೇಳುವುದಿಲ್ಲ. ಹೇಳಿದರೆ ಬಯ್ಯುತ್ತೀ ಎಂದು ಗೊತ್ತು.

ಪ್ಲೇಟಿನ ವಿಷಯ ಹುಚ್ಚೇಶನಿಗೆ ಹೇಳು, ಸುಮ್ಮನೆ ಇಳಕಲ್ಲಿಗೆ ಕಾಲು ಸವೆಸಬೇಡ ಎಂದು. ಬಂದಾಗ ನಾನೇ ತಿಳಿಸುತ್ತೇನೆ.

ಉತ್ತರಕ್ಕೆ ಕಾಯುವ
ಜಾಫರ


ಗುಡೂರು
೨೮ ನವೆಂಬರ್ ೧೯೦೯

(ಯಮನೂರಪ್ಪ ನಿನ್ನೆ ತಾನಾಗಿ ನಮ್ಮ ಮನೆಗೆ ಬಂದ. ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕೆಂದು ಹಟ ಮಾಡಿದ. ಹಾಗೆಯೇ ಬರೆದಿದ್ದೇನೆ. – ಲಕ್ಷ್ಮಪ್ಪ)

ಜಾಫರಾ,

ಮಾಸ್ತರು ತಿದ್ದಿದ್ರ ಇದು ನನ್ನ ಮಾತಾಗೂದಿಲ್ಲ, ಅದಕ್ಕ ಬಾಯಿಗೆ ಬಂದಂಗ ಬರಸಾಕತ್ತೇನಿ.

ನಿನ್ನ ಎರಡೂ ಪತ್ರ ಕೇಳೇನಿ. ತಪ್ಪಾತು ತಪ್ಪಾತು ಅಂತಿ. ನೀ ಯಾವುದಕ್ಕ ತಪ್ಪಾತು ಅನ್ನಾಕತ್ತಿ ಅನ್ನೂದ ನಿನಗ ಗೊತ್ತಿಲ್ಲ. ಮರ್ಯಾದಿ ಅಂತಿ. ನನ್ನ ಮರ್ಯಾದಿ ಒಬ್ಬ ಕೆಂಪು ಮಾರಿಯವನ ಖೋಲ್ಯಾಗ ಹೋಗುವಷ್ಟು ಹಗುರ ಐತೇನಲೇ?

ಹೊರಗ ಕುಂದ್ರು ಅಂದಾಗ ಸಿಟ್ಟ ಬಂದಿದ್ದು ಖರೆ. ಅಂಗಳದಾಗ ಬೇವಿನ ಗಿಡ ಇತ್ತಲ್ಲ, ಅದರ ಬುಡಕ ಕುಂತೆ. ಎಲಿ ಅಡಿಕಿ ಹಾಕ್ಕೊಂಡೆ. ಕರಡಿ ಇಲ್ಲದ ಇವನ ಸನಾದಿ ಹೆಂಗ ಏಳತೈತಿ ನೋಡೂಣು ಅಂತ ಒಳಗೊಳಗ ನಕ್ಕೆ. ಏಳೂದಿಲ್ಲ ಅಂತನ ತಿಳಿದಿದ್ದೆ. ಕಿಡಕಿ ತಗದಿತ್ತು.

ಎದ್ದಿತು ಜಾಫರಾ.

ಮೂವತ್ತು ವರ್ಷ ನಿನ್ನ ಮಗ್ಗಲಾಗ ನಿಂತೇನಿ. ನಿನ್ನ ಸನಾದಿ ನಾ ಕೇಳೇ ಇದ್ದಿಲ್ಲ. ಕರಡಿ ಹೊಟ್ಟಿಗೆ ಕಟಗೊಂಡವನ ಕಿವ್ಯಾಗ ಕರಡಿ ಬಿಟ್ಟು ಮತ್ತೇನೂ ಹೋಗೂದಿಲ್ಲ. ನಿನ್ನ ಗಲ್ಲ ಉಬ್ಬೂದು ನೋಡಿ, ಬೆರಳ ಏಳೂದು ನೋಡಿ ಬಾರಸತಿದ್ದೆ ಹೊರತು ಕೇಳಿ ಅಲ್ಲ. ಅವತ್ತ ಮೊದಲನೇ ಸಲ ಕೇಳಿದೆ. ನಮ್ಮವ್ವ ಸತ್ತಾಗ ಸುದ್ದ ನಾ ಅತ್ತವನಲ್ಲ. ಬಾಯಾಗಿನ ಎಲಿ ಉಗುಳಿ ಅತ್ತೆ.

ನಡುನಡುವ ನೀ ನಿಂದರತಿದ್ದಿ. ನಾಕು ಎಣಸೂವಷ್ಟು ಹೊತ್ತು ಸುಮ್ಮನ. ಆಮ್ಯಾಲ ಮತ್ತ ಏಳತಿತ್ತು, ಮೊದಲಿನಕಿಂತ ಚಂದ. ಆಗ ನನಗ ತಿಳೀತು. ಈ ಮನಷ್ಯಾಗ ಮೂವತ್ತು ವರ್ಷ ನಾ ಉಸಿರ ತಗೋಳಾಕ ಬಿಟ್ಟಿಲ್ಲ. ಹಿಂದಿಂದ ದಬ್ಬಿಕೋತ ಬಂದೇನಿ. ಇವತ್ತ ನಾ ಇಲ್ಲ ಅಂತ ಹೊಟ್ಟಿ ತುಂಬ ಉಸಿರ ತಗೊಂಡು ಊದಾಕತ್ಯಾನ.

ನೀ ಎರಡನೇ ಸಲ ಸುರು ಮಾಡಿದಿ. ನನಗ ಕೇಳಾಕ ಆಗಲಿಲ್ಲ. ಎದ್ದು ಟೇಸನ್ನಿಗೆ ಹೋದೆ.

ಕರಡಿ ಗೂಟಕ್ಕ ಹಾಕಿದ್ದು ಸಿಟ್ಟಿಲೆ ಅಲ್ಲೋ ತಮ್ಮಾ. ಕೈ ಏಳವಲ್ದು. ಎತ್ತಿದ್ರ ನಿನ್ನ ಸನಾದಿ ಮ್ಯಾಲ ಮಣ್ಣ ಹಾಕಿದಂಗ ಆಗತೈತಿ ಅಂತ ಅನಸತೈತಿ. ಇಷ್ಟು ವರ್ಷ ಹಾಕಿದ್ದ ಸಾಕು.

ಮೊಹರಮ್ಮಿಗೆ ನೀ ಬಾ. ನೀ ಒಬ್ಬಾವ ಊದು. ನಾ ಮಂದ್ಯಾಗ ಕುಂತು ಕೇಳತೇನಿ. ಮೊದಲನೇ ಪೆಟ್ಟು ಬೇಕ ಅಂದ್ರ ಯಾರಾದ್ರೂ ಕೊಡಲಿ.

ಯಮನೂರಪ್ಪ
(ಹೆಬ್ಬೆಟ್ಟು)


ಬೆಳಗಾವಿ
೧೯ ಡಿಸೆಂಬರ್ ೧೯೦೯

ಯಮನೂರಣ್ಣಾ,

ನಿನ್ನ ಪತ್ರ ಓದಿ ಎರಡು ದಿನ ಊದಲಾಗಲಿಲ್ಲ. ಜ್ವರ ಎಂದು ಸುಳ್ಳು ಹೇಳಿ ಮಲಗಿದ್ದೆ.

ನಾನೊಂದು ಸುಳ್ಳು ಹೇಳಿದ್ದೇನೆ, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ಪ್ಲೇಟು ಬರುವುದಿಲ್ಲ. ಪ್ಲೇಟು ಆಗಿಯೇ ಇಲ್ಲ, ಅವತ್ತು ಪೇಟೆ ನೋಡಲು ಹೋಗಿದ್ದ ಚಾಂದಸಾಬ, ಹುಚ್ಚೇಶರಿಗೂ ಇದನ್ನು ಹೇಳಿರಲಿಲ್ಲ. ಊರಿಗೆ ಬರುವ ಮುಖವಿಲ್ಲ ಎಂದಿದ್ದೆನಲ್ಲ, ಅರ್ಧ ನಿನ್ನಿಂದಾದರೆ ಇನ್ನರ್ಧ ಇದರಿಂದ.

ಅವತ್ತು ಒಳಗೆ ನಡೆದದ್ದು ಕೇಳು. ನಾನು ಮೊದಲ ಸಲ ಊದಿದ್ದನ್ನು ಸಾಹೇಬ ಯಂತ್ರಕ್ಕೆ ಹಚ್ಚಿ ಕೇಳಿಸಿದ. ನನ್ನ ಸನಾದಿ ಎಲ್ಲೋ ದೂರದ ಹೊಲದಿಂದ ಬಂದಂತೆ ಸಣ್ಣಗೆ ಬಂತು. ನಾಲ್ಕು ಸಾಲು ಬಂದು ನಿಂತುಹೋಯಿತು. ಯಂತ್ರ ಕೆಟ್ಟಿತೇ ಎಂದು ಸಾಹೇಬ ಬಗ್ಗಿ ನೋಡಿದ. ಕೆಟ್ಟಿರಲಿಲ್ಲ. ಮತ್ತೆ ಸನಾದಿ ಬಂತು, ಮತ್ತೆ ನಿಂತಿತು. ಏಜಂಟ ನನ್ನ ಕಡೆ ತಿರುಗಿ ಕೇಳಿದ:

"ಏನ್ರಿ ಸಾಬರ, ಇಲ್ಲಿ ಮರತ್ರೇನು?"

"ಮರತಿಲ್ರಿ. ಅಲ್ಲಿ ಕರಡಿ ಐತ್ರಿ."

"ಎಲ್ಲಿ ಐತಿ?"

ನಿಲ್ಲಿಸದೆ ಊದಿ ಎಂದರು. ಎರಡನೇ ಸಲ ನಿಲ್ಲಬಾರದೆಂದು ಗಟ್ಟಿಯಾಗಿ ಮನಸ್ಸು ಮಾಡಿ ಊದಿದೆ. ಆ ಜಾಗ ಬಂದ ಕೂಡಲೇ ಬೆರಳು ತಾನಾಗಿ ನಿಂತವು. ಮೂರನೇ ಸಲವೂ ಅಷ್ಟೇ. ನಾಲ್ಕು ಎಣಿಸುವ ತನಕ ನೀನು ಮಾತಾಡುವ ಜಾಗ ಅದು. ನಿನ್ನ ಮಾತಿಗೆ ಉತ್ತರವಾಗಿ ಮುಂದಿನ ಸಾಲು ಊದಬೇಕು. ನೀನು ಏನೂ ಹೇಳದೆ ನಾನು ಏನೆಂದು ಉತ್ತರ ಕೊಡಲಿ? ಮೂರೂ ಮೇಣ ಕೆಟ್ಟವು. ಇನ್ನೊಬ್ಬರು ಹಾಡಲು ಕಾಯುತ್ತಿದ್ದಾರೆ, ಏಳಿ ಎಂದರು.

ಉಸಿರಿಗಾಗಿ ನಿಂತೆ ಎಂದೆಯಲ್ಲ. ಸನಾದಿಯವನು ಗಲ್ಲದಲ್ಲಿ ಉಸಿರು ಹಿಡಿದಿಟ್ಟು, ಊದುತ್ತಲೇ ಮೂಗಿನಿಂದ ಎಳೆದುಕೊಳ್ಳುತ್ತಾನೆ. ಉಸಿರಿಗಾಗಿ ನಾವು ನಿಲ್ಲುವುದೇ ಇಲ್ಲ. ಇದು ನಿನಗೂ ಗೊತ್ತು. ಅಳುವ ಭರದಲ್ಲಿ ಮರೆತೆ. ನಾನು ನಿಂತದ್ದು ನಿನಗಾಗಿ. ಮೊದಲಿಗಿಂತ ಚೆಂದ ಎದ್ದಿತು ಎಂದೆಯಲ್ಲ, ಪ್ರತಿ ಸಲವೂ ನಿನ್ನ ಪೆಟ್ಟನ್ನು ಮನಸ್ಸಿನಲ್ಲೇ ಕೇಳಿಸಿಕೊಂಡು ಎತ್ತಿದ್ದಕ್ಕೆ ಹಾಗಾಯಿತು.

ಹೊರಗೆ ಬಂದಾಗ ಬೇವಿನ ಬುಡದಲ್ಲಿ ಎಲೆಯಡಿಕೆಯ ಉಗುಳು ಇನ್ನೂ ಹಸಿಯಾಗಿತ್ತು. ಸಿಟ್ಟಿನಿಂದ ಉಗುಳಿ ಹೋಗಿದ್ದಾನೆ ಎಂದು ತಿಳಿದೆ. ಐದು ತಿಂಗಳು ಆ ಉಗುಳನ್ನೇ ಕಣ್ಣ ಮುಂದೆ ಇಟ್ಟುಕೊಂಡು ನಿನಗೆ ತಪ್ಪಾಯಿತೆಂದು ಬರೆದೆ. ನೀನು ಅತ್ತಿದ್ದೆ ಎಂದು ಆ ಉಗುಳು ಹೇಳಲಿಲ್ಲ. ನಾವಿಬ್ಬರೂ ಎಂಥ ಮೂರ್ಖರಣ್ಣಾ.

ಮಂದಿಯಲ್ಲಿ ಕೂತು ಕೇಳುವ ಮಾತು ಬಿಡು. ಕರಡಿ ಇಳಿಸು. ಚರ್ಮ ಸಡಿಲಾಗಿದ್ದರೆ ಎಳೆಸಿ ಕಟ್ಟಿಸು. ನಾಟಕ ಕಂಪನಿಯವರು ಜನವರಿ ಹತ್ತಕ್ಕೆ ಬಿಡುತ್ತಾರೆ. ಅಲಾಯಿ ದೇವರು ಕೂಡುವ ಹೊತ್ತಿಗೆ ಊರಲ್ಲಿರುತ್ತೇನೆ. ಮೊದಲ ಪೆಟ್ಟು ನಿನ್ನದೇ, ಇನ್ನೊಬ್ಬರು ಕೊಟ್ಟರೆ ಸನಾದಿ ಚೀಲದಿಂದ ಹೊರಗೆ ಬರುವುದಿಲ್ಲ.

ನಿನ್ನ ತಮ್ಮ
ಜಾಫರ


ಬಾಗಲಕೋಟೆ
೧೫ ಜನವರಿ ೧೯೧೦

ಯಮನೂರಣ್ಣನಿಗೆ,

ಇದು ನನ್ನ ಅಕ್ಷರವಲ್ಲ ಎಂದು ಮಾಸ್ತರರು ಹೇಳುತ್ತಾರೆ. ಬೆರಳು ಸ್ವಲ್ಪ ನೋಯುತ್ತಿವೆ, ಬೇವೂರಿನ ನೇಕಾರ ನಜೀರಸಾಬ ಬರೆದುಕೊಡುತ್ತಿದ್ದಾರೆ. ನಾವು ಕೂತಿದ್ದ ರೈಲಿನ ಡಬ್ಬಿಯಲ್ಲಿ ಒಬ್ಬರಿಗೆ ಪ್ಲೇಗು ಎಂದು ಕಂಡುಬಂತು. ಡಬ್ಬಿಯಲ್ಲಿದ್ದವರನ್ನೆಲ್ಲ ಊರ ಹೊರಗೆ ತಟ್ಟಿಯ ಗುಡಿಸಲುಗಳಲ್ಲಿ ಇಟ್ಟಿದ್ದಾರೆ. ಹತ್ತು ದಿನ ಬಿಡುವುದಿಲ್ಲವಂತೆ. ಎಣಿಸಿ ನೋಡಿದೆ, ಮೊಹರಮ್ಮಿನ ಹತ್ತನೇ ದಿನಕ್ಕೆ ನಾನು ಮುಟ್ಟುವುದಿಲ್ಲ.

ಖೈರುನಬಿಗೆ ಗುಡಿಸಲಿನ ಮಾತು ಹೇಳಬೇಡ. ಕಂಪನಿಯವರು ಬಿಡಲಿಲ್ಲ ಎನ್ನು. ಅವಳು ಅಳುತ್ತಾಳೆ, ಆಮೇಲೆ ನಡೆದುಕೊಂಡು ಇಲ್ಲಿಗೇ ಬರುತ್ತಾಳೆ.

ನೀನು ಬಾರಿಸು. ಸನಾದಿ ಇಲ್ಲವೆಂದು ಕರಡಿ ಮತ್ತೆ ಗೂಟಕ್ಕೆ ಹೋಗಬಾರದು. ಚಾಂದಸಾಬನಿಗೆ ಶ್ರುತಿ ಹಿಡಿಯಲು ಹೇಳು, ಹುಚ್ಚೇಶ ತಾಳ ಹಾಕಲಿ. ನಾನು ಊದುವ ಜಾಗ ನಿನಗೆ ಗೊತ್ತಿದೆ.

ಇಲ್ಲಿ ಸಂಜೆಯಾದರೆ ಜನ ಹಾಡು ಹೇಳು ಎನ್ನುತ್ತಾರೆ. ಊದಲು ಆಗುತ್ತಿಲ್ಲ, ಬಾಯಲ್ಲೇ ಹೇಳುತ್ತೇನೆ.

ಜಾಫರ


ಗುಡೂರು
೬ ಮಾರ್ಚ್ ೧೯೧೦

ಬೆಳಗಾವಿಯ ಗಾಯನ ಯಂತ್ರದ ಕಂಪನಿಯ ಏಜಂಟ ಸಾಹೇಬರ ಸನ್ನಿಧಿಗೆ, ಗುಡೂರಿನ ಕರಡಿ ಬಾರಿಸುವ ಯಮನೂರಪ್ಪನ ಶರಣು. ಬರೆದವರು ಲಕ್ಷ್ಮಪ್ಪ ಮಾಸ್ತರರು.

ತಮಗೆ ನೆನಪಿರಲಾರದು. ಹೋದ ವರ್ಷ ಜುಲೈಯಲ್ಲಿ ನಾವು ನಾಲ್ವರು ತಮ್ಮ ಬಂಗಲೆಗೆ ಬಂದಿದ್ದೆವು. ಸೂಜಿ ಕುಣಿಯುತ್ತದೆ ಎಂದು ಹೊರಗೆ ಕೂಡಿಸಿದ ನಗಾರಿಯವನು ನಾನು. ಒಳಗೆ ಊದಿದವನು ನಮ್ಮ ಜಾಫರಸಾಬ. ಅವನು ಮೂರು ಸಲ ಊದಿದ. ಮೂರು ಸಲವೂ ನಡುನಡುವೆ ನಿಂತ ಎಂದು ತಾವು ಆ ಮೇಣಗಳನ್ನು ತೆಗೆದಿಟ್ಟಿರಿ.

ಜಾಫರಸಾಬ ಜನವರಿ ಇಪ್ಪತ್ತಕ್ಕೆ ಬಾಗಲಕೋಟೆಯ ಪ್ಲೇಗಿನ ಗುಡಿಸಲಿನಲ್ಲಿ ತೀರಿಕೊಂಡ. ನಮಗೆ ತಿಳಿದದ್ದು ಇಪ್ಪತ್ತನಾಲ್ಕಕ್ಕೆ. ನಡುವೆ ಇಪ್ಪತ್ತೆರಡಕ್ಕೆ ಮೊಹರಮ್ಮಿನ ಹತ್ತನೇ ದಿನ. ಅವನು ಬದುಕಿದ್ದಾನೆಂದೇ ತಿಳಿದು ಅವತ್ತು ನಾನು ಕರಡಿ ಇಳಿಸಿದೆ. ಆರು ತಿಂಗಳ ಮೇಲೆ ಕೈ ಎತ್ತಿದೆ. ಮಧ್ಯಾಹ್ನ ಅಲಾಯಿ ದೇವರನ್ನು ಹೊಳೆಗೆ ಕರೆದೊಯ್ಯುವಾಗ ಮೊದಲ ಪೆಟ್ಟು ಕೊಟ್ಟೆ. ಸನಾದಿ ಏಳುವ ಜಾಗ ಬಂತು. ಚಾಂದಸಾಬ "ಕಾಕಾ, ನಾ ಊದ್ಲೇನು?" ಎಂದ. "ಬ್ಯಾಡಪಾ, ಅಂವಾ ಬರ್ತಾನ" ಎಂದೆ. ಶ್ರುತಿಯೊಂದೇ ನಡೆಯಿತು. ಅವನು ಊದುವಷ್ಟು ಹೊತ್ತು ನಾನು ಕೈ ಕಟ್ಟಿ ನಿಂತೆ, ನನ್ನ ಸರದಿ ಬಂದಾಗ ಬಾರಿಸಿದೆ. ಹೊಳೆಯ ತನಕ ಹಾಗೇ ಹೋದೆವು. ಹೊರಗಿನಿಂದ ಬಂದವರಿಗೆ ಇದೇನು ಬಾರಿಸುತ್ತಾನೆ, ನಿಲ್ಲುತ್ತಾನೆ ಎಂದು ವಿಚಿತ್ರ ಕಂಡಿರಬಹುದು. ನಮ್ಮೂರವರಿಗೆ ಸನಾದಿ ಕೇಳಿಸುತ್ತಿತ್ತು. ಹಾದಿಯ ಪಕ್ಕ ನಿಂತಿದ್ದ ಅವನ ಹೆಂಡತಿ ಖೈರುನಬಿ ಸೆರಗು ಬಾಯಿಗೆ ಹಿಡಿದು ನಿಂತದ್ದನ್ನು ನಾನೇ ನೋಡಿದೆ. ಆಗಲೇ ಅವನನ್ನು ಮಣ್ಣು ಮಾಡಿ ಎರಡು ದಿನವಾಗಿತ್ತೆಂದು ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಸುದ್ದಿ ತಿಳಿದಾಗಿನಿಂದ ಒಂದೇ ಮಾತು ನನ್ನನ್ನು ಕೊರೆಯುತ್ತಿದೆ. ಅವನು ಆ ಮೂರು ಮೇಣಗಳಲ್ಲಿ ಜಾಗ ಬಿಟ್ಟು ನಿಂತದ್ದು ನನಗಾಗಿ. ತಮ್ಮ ಕಿವಿಗೆ ಅದು ತಪ್ಪಾಗಿ ಕೇಳಿಸಿತು. ಬೇವಿನ ಬುಡದಲ್ಲಿ ಕೂತ ನನಗೂ ತಪ್ಪಾಗಿಯೇ ಕೇಳಿಸಿತು. ಅದಕ್ಕೆ ತಮ್ಮನ್ನು ದೂರುವುದಿಲ್ಲ. ಅವನು ಮೂರು ಸಲ ನನಗಾಗಿ ಕಾದ, ನಾನು ಮೂರು ಸಲವೂ ಹೋಗಲಿಲ್ಲ. ಎರಡನೇ ಸಲಕ್ಕೆ ಎದ್ದು ಟೇಸನ್ನಿನ ದಾರಿ ಹಿಡಿದಿದ್ದೆ.

ಆದ್ದರಿಂದ ತಮ್ಮಲ್ಲಿ ಬೇಡುವುದು ಏನೆಂದರೆ, ಮೂರರಲ್ಲಿ ಒಂದಾದರೂ ಉಳಿದಿದ್ದರೆ ಯಾವ ಸ್ಥಿತಿಯಲ್ಲಿದ್ದರೂ ಅದನ್ನು ನನಗೆ ಕೊಡಬೇಕು. ಬೇಡವೆಂದು ತಾವು ಬಿಟ್ಟದ್ದನ್ನೇ ಕೇಳುತ್ತಿದ್ದೇನೆ. ಇಳಕಲ್ಲಿನ ಸೀರೆ ವ್ಯಾಪಾರಿಗಳು ಪೆಟ್ಟಿಗೆಗೆ ಹಚ್ಚಿ ಕೇಳಿಸುತ್ತೇನೆಂದು ಒಪ್ಪಿದ್ದಾರೆ. ಅಲ್ಲಿಗೆ ಕರಡಿ ಹೊತ್ತು ಹೋಗುತ್ತೇನೆ. ಅವನು ನಿಂತ ಕಡೆಯಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ನಾನು ಬಾರಿಸಬೇಕು. ಒಂದೇ ಸಲ. ಆಮೇಲೆ ಸೂಜಿಯಿಂದ ಮೇಣ ಹಾಳಾದರೂ ಚಿಂತೆಯಿಲ್ಲ. ಉತ್ತರ ಕೊಡದೆ ಅವನನ್ನು ಕಳಿಸಿದ್ದೇನೆಂಬುದು ಅನ್ನ ಇಳಿಯಲು ಬಿಡುತ್ತಿಲ್ಲ.

ಬರಬೇಕೆಂದರೆ ನಾನೇ ಬೆಳಗಾವಿಗೆ ಬರುತ್ತೇನೆ. ಹೊರಗೆ ಕೂಡೆಂದರೆ ಹೊರಗೇ ಕೂಡುತ್ತೇನೆ.

ಯಮನೂರಪ್ಪ
(ಹೆಬ್ಬೆಟ್ಟು)


ಬೆಳಗಾವಿ
೨೪ ಮಾರ್ಚ್ ೧೯೧೦

ಗುಡೂರಿನ ಯಮನೂರಪ್ಪ ಎಂಬವರಿಗೆ ತಿಳಿಸುವುದು.

ತಮ್ಮ ಅರ್ಜಿ ತಲುಪಿತು. ಸದರಿ ಸನಾದಿ ವಾದನದ ಮೂರೂ ಮೇಣಗಳು ದೋಷಯುಕ್ತವೆಂದು ದಾಖಲಾಗಿವೆ. ಇಂಥ ಮೇಣಗಳ ಮೇಲ್ಪದರನ್ನು ಹೆರೆದು ನುಣುಪು ಮಾಡಿ ಬೇರೆ ಗಾಯಕರಿಗೆ ಬಳಸುವುದು ವಾಡಿಕೆ. ಅದರಂತೆ ಈ ಮೂರನ್ನೂ ಅದೇ ದಿನ ಮಧ್ಯಾಹ್ನ ಹೆರೆದು ಬಳಸಲಾಗಿದೆ. ಕೊಡಲು ಏನೂ ಉಳಿದಿಲ್ಲ.

ತಮ್ಮ ಜೊತೆಗಾರರ ಮರಣಕ್ಕಾಗಿ ಏಜಂಟರು ವಿಷಾದಿಸುತ್ತಾರೆ.

ಏಜಂಟರ ಪರವಾಗಿ
ಗುಮಾಸ್ತ


ಗುಡೂರು
೪ ಏಪ್ರಿಲ್ ೧೯೧೦

ಏಜಂಟ ಸಾಹೇಬರಿಗೆ ಯಮನೂರಪ್ಪನ ಶರಣು.

ತಮ್ಮ ಕಾಗದವನ್ನು ಮಾಸ್ತರರು ಎರಡು ಸಲ ಓದಿದರು. ತಿಳಿಯಿತು. ಇಲ್ಲದ್ದನ್ನು ಇಲ್ಲ ಎಂದು ತಿಳಿಸಿದಿರಿ, ಉಪಕಾರವಾಯಿತು. ನಮ್ಮಂಥವರಿಗೆ ಅಷ್ಟನ್ನೂ ಬರೆಯದವರಿದ್ದಾರೆ.

ಇನ್ನೊಂದು ಸಣ್ಣ ಮಾತು ಕೇಳುತ್ತೇನೆ, ಇದೇ ಕೊನೆ. ಅವತ್ತು ಮಧ್ಯಾಹ್ನ ಹೆರೆದ ಮೇಲೆ ಆ ಮೇಣದ ಮೇಲೆ ಯಾರು ಹಾಡಿದರು? ಗಂಡಸೋ ಹೆಂಗಸೋ, ಯಾವ ಊರವರು, ಪ್ಲೇಟಿನ ಮೇಲೆ ಏನು ಹೆಸರಿದೆ, ಇಷ್ಟನ್ನು ತಿಳಿಸಬೇಕು. ಇಳಕಲ್ಲಿನವರು ತರಿಸಿಕೊಡುತ್ತೇವೆ ಎಂದಿದ್ದಾರೆ. ಖೈರುನಬಿಯನ್ನೂ ಗಾಡಿಯಲ್ಲಿ ಕೂಡಿಸಿಕೊಂಡು ಹೋಗಿ ಒಮ್ಮೆ ಕೇಳಿ ಬರುತ್ತೇನೆ.

ಅದರಲ್ಲಿ ನಮ್ಮ ಜಾಫರ ಇರುವುದಿಲ್ಲ ಎಂದು ನನಗೆ ಗೊತ್ತು. ಕರಡಿಯನ್ನು ಒಯ್ಯುವುದಿಲ್ಲ, ಬರಿಗೈಯಲ್ಲಿ ಹೋಗುತ್ತೇನೆ. ಅವನಿದ್ದ ಜಾಗದಲ್ಲಿ ಈಗ ಯಾರಿದ್ದಾರೋ, ಅವರು ಹಾಡಿ ಮುಗಿಸುವ ತನಕ ಈ ಸಲ ಎದ್ದು ಹೋಗದೆ ಕೂತು ಕೇಳುತ್ತೇನೆ.

ಯಮನೂರಪ್ಪ
(ಹೆಬ್ಬೆಟ್ಟು)